ಕರಿಯಣ್ಣನ ನಗು

ವಿಷ್ಣುಮೂರ್ತಿಯನ್ನು ನೋಡಿಲ್ಲ ಅನ್ನಬೇಡಿ. ತೊಂಬತ್ತೊಂಬತ್ತರಿಂದ ಏಳೆಂಟು ವರ್ಷ ಚೆನ್ನೈಯಲ್ಲಿ ಇದ್ದವರಾದರೆ, ಅಡ್ಯಾರಿನಲ್ಲಿ ಒಂದು ಸಲವಾದರೂ ಬಸ್ಸು ಇಳಿದವರಾದರೆ, ಅವನ ಮುಖ ನೋಡಿಯೇ ಇರುತ್ತೀರಿ. ಕಾಫಿಪುಡಿಯ ಪೊಟ್ಟಣದ ಮೇಲೆ, ದಿನಸಿ ಅಂಗಡಿಯ ತಗಡಿನ ಬೋರ್ಡಿನ ಮೇಲೆ, ಆಟೋದ ಬೆನ್ನಿನ ಮೇಲೆ. ಕೆಂಪು ಟೊಪ್ಪಿ, ಬಿಳಿ ಕೈಗವಸು, ಇದ್ದಿಲಿನಂಥ ಕಪ್ಪು ಮುಖ, ಹೊರಗೆ ಬಿದ್ದ ಕಣ್ಣುಗುಡ್ಡೆ, ಅರ್ಧ ಮುಖವನ್ನೇ ನುಂಗಿದ ಕೆಂಪು ತುಟಿ, ಅದರ ನಡುವೆ ಕಿವಿಯಿಂದ ಕಿವಿಯವರೆಗೆ ಹಲ್ಲು. ನೋಡಿ ನಕ್ಕಿರುತ್ತೀರಿ. ಎಲ್ಲರೂ ನಗುತ್ತಿದ್ದರು, ನಗಲಿ ಅಂತಲೇ ಬರೆಸಿದ್ದು. ಕೆಳಗೆ ‘ಕರಿಯಣ್ಣ ಕಾಫಿ’ ಎಂದು ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ಆ ಕರಿಯಣ್ಣನ ಹಿಂದೆ ಒಬ್ಬ ಮನುಷ್ಯನಿದ್ದ, ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅವನು ನಗುವುದೇ ಅಪರೂಪವಾಗಿತ್ತು ಎಂದರೆ ಈಗ ಯಾರು ನಂಬುತ್ತಾರೆ!

ಊರು ಬೈಂದೂರಿನ ಹತ್ತಿರ. ಆ ಕಡೆಯ ಹೋಟೆಲಿನವರ ಬೆನ್ನು ಹಿಡಿದು ಮದರಾಸಿಗೆ ಬಂದವರು ಎಷ್ಟೋ ಮಂದಿ, ಇವನೂ ಒಬ್ಬ. ಬಂದವನು ಲೋಟ ತೊಳೆದ, ಮೇಜು ಒರೆಸಿದ, ಕಡೆಗೆ ಅಡ್ಯಾರಿನ ಒಂದು ಶಾಕಾಹಾರಿ ಹೋಟೆಲಿನಲ್ಲಿ ಕಾಫಿ ಮಾಸ್ಟರ್ ಆಗಿ ನಿಂತ. ಬಣ್ಣ ಕಪ್ಪು. ಬಿಸಿಲಿಗೆ ಕಂದಿದ ಕಪ್ಪಲ್ಲ, ಹುಟ್ಟಿನಿಂದ ಬಂದ ಅಚ್ಚ ಕಪ್ಪು. ಕೂದಲು ಗುಂಗುರು, ತುಟಿ ಸ್ವಲ್ಪ ದಪ್ಪ. ಚಿಕ್ಕಂದಿನಲ್ಲಿ ಯಾರಾದರೂ ಆಡಿಕೊಂಡರೆ ಅವನ ತಾಯಿ, ಕಸ್ತೂರಿಯೂ ಕಪ್ಪೇ, ಅವನ ಹೆಸರಿನ ದೇವರೂ ಕಪ್ಪೇ, ನಿಮ್ಮ ಬಿಳಿ ಮಜ್ಜಿಗೆ ನೀವೇ ಕುಡಿದುಕೊಳ್ಳಿ ಎಂದು ಬಾಯಿ ಮುಚ್ಚಿಸುತ್ತಿದ್ದಳಂತೆ. ಹಾಗಾಗಿ ಬಣ್ಣದ ಚಿಂತೆ ಅವನಿಗೆ ಇರಲೇ ಇಲ್ಲ.

ಅವನಿಗೆ ಇದ್ದದ್ದು ಮಗಳು. ಹೆಂಡತಿ ಚಂದ್ರಮತಿಯೂ ಇದ್ದಳು ಅನ್ನಿ, ಆದರೆ ಚಂದ್ರಮತಿಯೇ ಹೇಳುತ್ತಿದ್ದಳು, ಈ ಮನೆಯಲ್ಲಿ ತಾನು ಅಪ್ಪ ಮಗಳಿಗೆ ಅಡುಗೆ ಮಾಡಿ ಹಾಕುವವಳು ಮಾತ್ರ ಎಂದು. ಮಗಳ ಹೆಸರು ಪ್ರಣಮ್ಯಾ. ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿ ಇಳಿದ ಹೊತ್ತಿಗೆ ಅವನು ಪಂಚೆ ಬದಲಿಸಿ ಶಾಲೆಯ ಗೇಟಿಗೆ ಹೋಗಿ ನಿಲ್ಲುತ್ತಿದ್ದ. ಅವಳು ಅವನ ಕಿರುಬೆರಳು ಹಿಡಿದು ದಾರಿಯುದ್ದಕ್ಕೂ ವಟವಟ ಮಾತಾಡುವಳು, ಇವನು ಹೂಂಗುಟ್ಟುವನು. ನಗು ಬಂದರೂ ತುಟಿ ಬಿಚ್ಚದ ಮನುಷ್ಯ. ಮನೆಗೆ ಬಂದು ಕೂತರೆ ಅವಳು ತೊಡೆಯ ಮೇಲೆ ಹತ್ತಿ, ಎರಡು ಬೆರಳಿನಲ್ಲಿ ಅವನ ತುಟಿ ಅಗಲಿಸಿ, “ಅಪ್ಪಯ್ಯ, ನಗಿ. ನಗಿ ಅಂದ್ರೆ!” ಎಂದು ಕಾಡುತ್ತಿದ್ದಳು. ಅವಳ ಕನ್ನಡವೆಲ್ಲ ಅಷ್ಟೇ ಇತ್ತು, ಉಳಿದದ್ದು ಶಾಲೆಯ ತಮಿಳು. ಆ ಬೆರಳಿಗೆ ಮಾತ್ರ ಅವನು ಹಲ್ಲು ತೋರಿಸುತ್ತಿದ್ದ.

ತೊಂಬತ್ತೆಂಟರ ಕೊನೆಗೆ ಹೋಟೆಲಿನ ಧಣಿಯ ಮಗ ಸುಕೇಶನಿಗೆ ಕಾಫಿಪುಡಿ ಮಾಡಿ ಪೊಟ್ಟಣದಲ್ಲಿ ಮಾರುವ ಹುಮ್ಮಸ್ಸು ಬಂತು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ಹುಡುಗ, ಓದಿದವನು, ಕೆಟ್ಟವನಂತೂ ಅಲ್ಲ. ಅವನ ಸ್ನೇಹಿತ ಪ್ರತಾಪ್ ಜಾಹೀರಾತಿನ ಕಂಪನಿಯಲ್ಲಿ ಇದ್ದ. ಆ ಪ್ರತಾಪ್ ಒಂದು ದಿನ ದಪ್ಪ ಪುಸ್ತಕ ತಂದು ಹೋಟೆಲಿನ ಮೇಜಿನ ಮೇಲೆ ಬಿಡಿಸಿದ. ಪರದೇಶದ ಹಳೆಯ ಡಬ್ಬಿ, ಪೊಟ್ಟಣ, ರಟ್ಟುಗಳ ಚಿತ್ರ. ಅಕ್ಕಿಯ ಮೇಲೆ ಒಬ್ಬ ಕರಿಯ ಮುದುಕ, ಹಿಟ್ಟಿನ ಮೇಲೆ ತಲೆಗೆ ವಸ್ತ್ರ ಕಟ್ಟಿದ ಕರಿಯ ಹೆಂಗಸು, ಕೋಕೋ ಡಬ್ಬಿಯ ಮೇಲೆ, ಬಿಸ್ಕತ್ತಿನ ಮೇಲೆ, ಹಲ್ಲಿನ ಪೇಸ್ಟಿನ ಮೇಲೆ ಕರಿಯರು. ಎಲ್ಲರಿಗೂ ಒಂದೇ ಕಣ್ಣು, ಒಂದೇ ತುಟಿ, ಒಂದೇ ನಗು. ನೂರು ವರ್ಷದಿಂದ ಪರೀಕ್ಷೆ ಮಾಡಿ ಗೆದ್ದ ಮುಖ ಇದು, ಇದನ್ನು ನೋಡಿದರೆ ಜನಕ್ಕೆ ಕೊಳ್ಳುವ ಮನಸ್ಸಾಗುತ್ತದೆ ಎಂದು ಪ್ರತಾಪ್ ವಿವರಿಸಿದ. ಅವರನ್ನು ಗುಲಾಮರಾಗಿ ಇಟ್ಟುಕೊಂಡು, ಆಮೇಲೆ ಅಡುಗೆಮನೆಗೆ ಹಾಕಿಕೊಂಡು, ಕಡೆಗೆ ಡಬ್ಬಿಯ ಮೇಲೆ ಅಂಟಿಸಿದ ಕಥೆ ಆ ಪುಸ್ತಕದಲ್ಲಿ ಇತ್ತೋ ಇಲ್ಲವೋ, ಅವನಂತೂ ಓದಿರಲಿಲ್ಲ. ಅಲ್ಲಿ ಕಾಫಿ ತಂದಿಟ್ಟ ವಿಷ್ಣುಮೂರ್ತಿ ಬಗ್ಗಿ ನೋಡಿ ಕೇಳಿದ:

“ಇವರೆಲ್ಲ ಯಾರು?”

“ಯಾರೂ ಅಲ್ಲ ಮೂರ್ತಿ. ಬರೀ ಚಿತ್ರ,” ಅಂದ ಪ್ರತಾಪ್. ಅಂದವನು ತಲೆ ಎತ್ತಿ ಇವನ ಮುಖ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಸುಕೇಶನ ಕಡೆ ತಿರುಗಿದ. ಇಬ್ಬರಿಗೂ ಅಷ್ಟೇ ಸಾಕಾಯಿತು.

ವಿಷ್ಣುಮೂರ್ತಿಗೆ ಅದು ಅವಮಾನ ಅನ್ನಿಸಿತೇ ಎಂದು ಕೇಳಿದರೆ, ಇಲ್ಲ ಸ್ವಾಮಿ, ಹೆಮ್ಮೆ ಅನ್ನಿಸಿತು. ಲೋಟ ತೊಳೆಯುತ್ತಾ ಬಂದವನ ಮುಖ ಊರೆಲ್ಲ ನೋಡುವ ಪೊಟ್ಟಣದ ಮೇಲೆ ಬರುತ್ತದೆ ಎಂದರೆ ಯಾರಿಗೆ ಬೇಡ? ದೊಡ್ಡ ಧಣಿ, ಅಂದರೆ ಸುಕೇಶನ ಅಪ್ಪ, ಹಳೇ ಕಾಲದ ಮನುಷ್ಯ. ಕಾಗದ ಗೀಗದ ಎಲ್ಲ ಅವರಿಗೆ ಗೊತ್ತಿಲ್ಲ. ಗಲ್ಲಾದ ಮೇಲಿನ ಗಣಪತಿಯ ಪಟಕ್ಕೆ ದೀಪ ಹಚ್ಚಿ, ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಇವನ ಕೈಗೆ ಕೊಟ್ಟರು. “ಮೂರ್ತಿ, ನಿನ್ನ ಮುಖ ನಮ್ಮ ಪುಡಿಗೆ ಕೊಟ್ಟೆ ಅನ್ನು” ಅಂದರು. ಇವನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡ. ಅವರ ಊರ ಕಡೆ ವೀಳ್ಯ ಹಿಡಿದರೆ ಮುಗಿಯಿತು. ಯಕ್ಷಗಾನ ಮೇಳದ ವೇಷಧಾರಿ ವೀಳ್ಯ ಹಿಡಿದನೆಂದರೆ ಆ ವರ್ಷ ಬೇರೆ ಮೇಳದ ಹೆಸರೆತ್ತುವ ಹಾಗಿಲ್ಲ, ಮನೆಯಲ್ಲಿ ಸಾವಾದರೂ ಗೆಜ್ಜೆ ಕಟ್ಟಬೇಕು.

ಫೋಟೋ ತೆಗೆಯುವ ದಿನ ಅವನಿಗೆ ನಗುವುದಕ್ಕೆ ಬರಲಿಲ್ಲ. ಸುಕೇಶ ಜೋಕು ಹೇಳಿದ, ಪ್ರತಾಪ್ ಕೋತಿಯ ಹಾಗೆ ಕುಣಿದ, ಇವನು ಗೌರವದಿಂದ ತುಟಿ ಸ್ವಲ್ಪ ಸಡಿಲಿಸಿದ. ಕೊನೆಗೆ ‘ಈ’ ಅನ್ನಲು ಹೇಳಿ, ಹಲ್ಲು ಕಂಡ ಕೂಡಲೇ ಚಿತ್ರ ಹಿಡಿದರು. ಅದೂ ಸಾಲದೆ, ಬರೆಯುವವನು ಇವನ ಮುಖಕ್ಕೆ ಆ ಪುಸ್ತಕದ ತುಟಿ, ಆ ಪುಸ್ತಕದ ಕಣ್ಣು ಹಚ್ಚಿದ. ಮೊದಲ ಪೊಟ್ಟಣವನ್ನು ಇವನು ಮನೆಗೆ ತಂದು ದೇವರ ಮುಂದಿಟ್ಟು ಕೈಮುಗಿದ. ಚಂದ್ರಮತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಯಾರದು ಎಂದು ಕೇಳಿದಳು. ನಾನೇ ಅಂದ. ಅವಳು ಪೊಟ್ಟಣ ನೋಡಿದಳು, ಗಂಡನನ್ನು ನೋಡಿದಳು, ನಿಮ್ಮ ತುಟಿ ಹೀಗೆಲ್ಲಿದೆ ಅಂದಳು. ಪ್ರಣಮ್ಯಾ ಮಾತ್ರ ನೋಡಿ ಬಿದ್ದು ಬಿದ್ದು ನಕ್ಕಳು. ಏಳು ವರ್ಷದ ಹುಡುಗಿ, ನಗುವ ಚಿತ್ರ ಕಂಡರೆ ನಗುತ್ತದೆ, ಅವಳ ತಪ್ಪೇನೂ ಇಲ್ಲ.

ಪುಡಿ ಓಡಿತು ನೋಡಿ, ಕುದುರೆ ಓಡಿದ ಹಾಗೆ. ಭಾನುವಾರ ಭಾನುವಾರ ವಿಷ್ಣುಮೂರ್ತಿ ಕೆಂಪು ಟೊಪ್ಪಿ, ಬಿಳಿ ಕೈಗವಸು ತೊಟ್ಟು ಹೋಟೆಲಿನ ಬಾಗಿಲಲ್ಲಿ ನಿಂತು ಕಾಫಿ ಕೊಡಬೇಕೆಂದು ಸುಕೇಶ ಏರ್ಪಾಡು ಮಾಡಿದ. ಕೈಗವಸು ಹಾಕಿಕೊಂಡು ಸ್ಟೀಲಿನ ಲೋಟ ಹಿಡಿಯುವುದೆಂದರೆ! ಜಾರಿ ಬಿದ್ದು ಒಂದೆರಡು ಸಲ ಗಿರಾಕಿಯ ಸೀರೆಯ ಮೇಲೇ ಹೋಯಿತು, ಜನ ಅದಕ್ಕೂ ನಕ್ಕರು. “ಕರಿಯಣ್ಣಾ, ಕೊಂಚಂ ಸಿರಿಪ್ಪಾ” ಅನ್ನುವರು, ಸ್ವಲ್ಪ ನಗಪ್ಪಾ ಎಂದು. ಪೊಟ್ಟಣದ ಮೇಲೆ ಅಷ್ಟು ನಗುವವನು ಇಲ್ಲಿ ಮುಖ ಗಂಟಿಕ್ಕಿ ನಿಂತರೆ ಕೊಟ್ಟ ದುಡ್ಡಿಗೆ ಮೋಸವಾದಂತೆ ಅವರಿಗೆ ಅನ್ನಿಸುತ್ತಿತ್ತು. ಇವನು ‘ಈ’ ಎಂದುಕೊಂಡು ಹಲ್ಲು ತೋರಿಸುವನು. ಮೊದಮೊದಲು ಕೆನ್ನೆ ನೋಯುತ್ತಿತ್ತು. ಸಂಜೆ ಮನೆಗೆ ಬಂದು ಬಿಸಿನೀರಿನ ಬಟ್ಟೆ ಒತ್ತಿಕೊಳ್ಳುತ್ತಿದ್ದ. ಆಮೇಲೆ ನೋವು ಹೋಯಿತು, ಎದುರಿಗೆ ಜನ ನಿಂತರೆ ‘ಈ’ ಅನ್ನುವ ಮೊದಲೇ, ಅವನಿಗೇ ತಿಳಿಯದೆ, ತುಟಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಕಷ್ಟ ಬಂದದ್ದು ಶಾಲೆಯಿಂದ. ಪೊಟ್ಟಣದ ಒಳಗೆ ಮಕ್ಕಳಿಗೆಂದು ಕರಿಯಣ್ಣನ ಅಂಟುಚಿತ್ರ ಹಾಕಲು ಶುರು ಮಾಡಿದ್ದರು. ಒಂದು ದಿನ ಪ್ರಣಮ್ಯಾಳ ಬೆಂಚಿನ ಮೇಲೆ ಒಂದು, ಚೀಲದ ಮೇಲೆ ಒಂದು, ಅವಳಿಗೇ ಗೊತ್ತಿಲ್ಲದ ಹಾಗೆ ಬೆನ್ನಿನ ಮೇಲೆ ಒಂದು. ಹೆಸರೂ ಹೋಯಿತು, ಅವಳು ಕರಿಯಣ್ಣನ ಮಗಳಾದಳು, ಆಮೇಲೆ ಕರಿಯಣ್ಣಿ. ಅಪ್ಪ ಗೇಟಿನಲ್ಲಿ ಬಂದು ನಿಂತರೆ ಹುಡುಗರು ಸಾಲಾಗಿ ನಿಂತು ತುಟಿ ಉಬ್ಬಿಸಿ ಕಣ್ಣು ಹೊರಳಿಸಿ ತೋರಿಸುತ್ತಿದ್ದರು. ಒಂದು ಸಂಜೆ ಅವಳು ಮುಖಕ್ಕೆ ಪಾತ್ರೆ ಉಜ್ಜುವ ನಾರು ಹಾಕಿ ತಿಕ್ಕಿಕೊಂಡು ಕೂತಿದ್ದಳು, ಕೆನ್ನೆ ತರಚಿತ್ತು. ಅವಳ ಬಣ್ಣ ಅಪ್ಪನದೇ. ಚಂದ್ರಮತಿ ಕೈ ಹಿಡಿದು ಎಳೆದುಕೊಂಡು ಅತ್ತಳು. ಮಾರನೆಯ ದಿನ ಮಗಳು ಇನ್ನು ನೀವು ಗೇಟಿಗೆ ಬರಬೇಡಿ ಎಂದು ತಮಿಳಿನಲ್ಲಿ ಹೇಳಿದಳು.

ಅವನು ಗೇಟು ಬಿಟ್ಟ. ಎರಡು ಬೀದಿ ಆಚೆಯ ಮರದ ಕೆಳಗೆ ನಿಲ್ಲುತ್ತಿದ್ದ. ಅವಳು ಬಂದರೆ ಹಿಂದೆ ಹಿಂದೆ ಹೋಗುತ್ತಿದ್ದ. ಕೆಲವು ತಿಂಗಳಲ್ಲಿ ಅವಳು ರಸ್ತೆಯ ಆಚೆ ಬದಿಯಲ್ಲಿ ನಡೆಯಲು ಶುರು ಮಾಡಿದಳು, ಇವನು ಈಚೆ ಬದಿಯಲ್ಲಿ. ಹೀಗೆ ಎಷ್ಟೋ ವರ್ಷ. ತನ್ನ ಮಗಳು ತನ್ನ ಪಕ್ಕದಲ್ಲಿ ಮತ್ತೆ ನಡೆಯಬೇಕು, ಈ ಮುಖ ಬೀದಿಯಿಂದ ಇಳಿಯಬೇಕು. ಈ ಮನುಷ್ಯ ದೇವರಲ್ಲಿ ಬೇರೆ ಏನನ್ನೂ ಕೇಳಿಕೊಂಡಿಲ್ಲ.

ಕೇಳಿದನೇ? ಕೇಳಿದ. ಸುಕೇಶನ ಮುಂದೆ ನಿಂತು, ಚಿತ್ರ ಬದಲಿಸಬಹುದೋ, ಮಗು ನೊಂದುಕೊಂಡಿದೆ ಎಂದ. ಸುಕೇಶ ಪಾಪ ಎಂದುಕೊಂಡು ಗಲ್ಲಾದಲ್ಲಿ ಕೂತ ಅಪ್ಪನ ಕಡೆ ನೋಡಿದ. ದಮ್ಮಿನಿಂದ ಏದುತ್ತಿದ್ದ ದೊಡ್ಡ ಧಣಿ ನಿಧಾನವಾಗಿ, “ವೀಳ್ಯ ಹಿಡಿದದ್ದು ನೀನೇ ಅಲ್ದಾ ಮೂರ್ತಿ” ಎಂದರು. ಸಿಟ್ಟಿಲ್ಲ, ಜೋರಿಲ್ಲ. ಮನೆಗೆ ಬಂದು ಚಂದ್ರಮತಿಗೆ ಹೇಳಿದರೆ ಅವಳು ಒಲೆಯ ಮುಂದಿನಿಂದ ಏಳದೆ, “ವೇಷ ಕಟ್ಟಿದವ್ರು ಬೆಳಗಾದ ಮೇಲೆ ಬಣ್ಣ ತೆಗೀತಾರಪ್ಪ. ನಿಮ್ಗೆ ಬೆಳಗಾಪ್ದು ಯಾವಾಗ?” ಅಂದಳು.

ಎರಡು ಸಾವಿರದ ಮೂರರಲ್ಲಿ ದೊಡ್ಡ ಧಣಿ ಹೋದರು. ಹೆಣದ ಪಕ್ಕದಲ್ಲಿ ವಿಷ್ಣುಮೂರ್ತಿ ಕೈಕಟ್ಟಿ ನಿಂತಿದ್ದ. ನಿಜವಾಗಿ ದುಃಖಪಟ್ಟವರಲ್ಲಿ ಅವನೊಬ್ಬ, ಲೋಟ ತೊಳೆಯುವವನನ್ನು ಕಾಫಿಯ ಮುಂದೆ ತಂದು ನಿಲ್ಲಿಸಿದ್ದು ಆ ಮನುಷ್ಯನೇ. ಆದರೆ ಸುಕೇಶನ ಅತ್ತೆ ಇವನ ಹತ್ತಿರ ಬಂದು, ಸಾವಿನ ಮನೆಯಲ್ಲಿ ಹಲ್ಲು ಕಿಸಿಯುವುದಕ್ಕೆ ನಾಚಿಕೆಯಾಗುವುದಿಲ್ಲವಾ ಎಂದು ಪಿಸುಗುಟ್ಟಿ ಬೈದಳು. ಇವನಿಗೆ ಏನೂ ಅರ್ಥವಾಗಲಿಲ್ಲ. ಮುದುಕಿಗೆ ಕಣ್ಣು ಮಂಜು, ಬೇರೆ ಯಾರನ್ನೋ ನೋಡಿದ್ದಾಳೆ ಎಂದುಕೊಂಡು ಆಚೆ ಬಂದ.

ಮರುವರ್ಷ ಸುಕೇಶ ಪುಡಿಯ ವ್ಯಾಪಾರವನ್ನು ಹೆಸರು ಚಿತ್ರ ಸಮೇತ ಒಂದು ದೊಡ್ಡ ಕಂಪನಿಗೆ ಮಾರಿದ. ಹೋಟೆಲು ತನಗೇ ಇಟ್ಟುಕೊಂಡ. ಕಂಪನಿಯ ಕಚೇರಿ ಪೆರುಂಗುಡಿಯಲ್ಲಿ, ಗಾಜಿನ ಕಟ್ಟಡಗಳು ಏಳುತ್ತಿದ್ದ ರಸ್ತೆಯಲ್ಲಿ. ಈಗ ಕರಿಯಣ್ಣ ಬಸ್ಸುಗಳ ಮೇಲೂ ಬಂದ. ಚಂದ್ರಮತಿಗೇ ಒಂದು ದಿನ ದಾರಿ ಹೊಳೆಯಿತು. ಹಿಡಿದ ವೀಳ್ಯವನ್ನು ಹಿಂತಿರುಗಿಸಿದರೆ ಮಾತೂ ಹಿಂತಿರುಗಿದ ಹಾಗೆ. ಊರಲ್ಲಿ ಹಾಗೆ ಬಿಡಿಸಿಕೊಂಡವರಿದ್ದಾರೆ. ಕೊಟ್ಟವರು ಇಲ್ಲದಿದ್ದರೆ ಅವರ ಜಾಗದಲ್ಲಿ ಇರುವವರಿಗೆ ಕೊಟ್ಟರಾಯಿತು. ಹೀಗೆ ಎರಡು ಸಾವಿರದ ಆರರ ಒಂದು ಬೆಳಿಗ್ಗೆ ವಿಷ್ಣುಮೂರ್ತಿ ತೊಳೆದ ಪಂಚೆ ಉಟ್ಟು, ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಮೇಲೆ ಬಟ್ಟೆ ಮುಚ್ಚಿ ಪೆರುಂಗುಡಿಯ ಬಸ್ಸು ಹತ್ತಿದ. ಇದನ್ನು ಕೇಳಿ ನಗುವವರು ನಗಲಿ. ಅವನ ಲೆಕ್ಕದಲ್ಲಿ ಇದು ಕೋರ್ಟಿಗೆ ಹೋಗುವುದಕ್ಕಿಂತ ದೊಡ್ಡದು.

ಅಲ್ಲಿ ಬಾಗಿಲಿನವನು ಇವನ ಮುಖ ನೋಡಿದವನೇ ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ, ಅದೊಂದು ಉಪಕಾರ. ಜಾಹೀರಾತು ನೋಡಿಕೊಳ್ಳುವ ಹುಡುಗಿ ಕೆಳಗೆ ಬಂದಳು. ಮೌನ ಎಂದು ಹೆಸರು, ಮೈಸೂರಿನ ಕಡೆಯವಳು, ಕೆಲಸಕ್ಕೆಂದು ಚೆನ್ನೈಗೆ ಬಂದು ವರ್ಷವಾಗಿತ್ತಷ್ಟೆ. ಕನ್ನಡ ಕೇಳಿ ಅವಳಿಗೆ ಖುಷಿಯಾಯಿತು, “ಬನ್ನಿ ಸಾರ್, ಕೂತ್ಕೊಳಿ” ಎಂದು ಎದುರಿಗೆ ಕೂರಿಸಿಕೊಂಡಳು. ಇವನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತೆಲ್ಲ ಹಾರಿಹೋಗಿ, ಬಂದಷ್ಟು ಹೇಳಿದ. ಶಾಲೆಯ ಗೇಟು, ಬೆನ್ನಿನ ಮೇಲಿನ ಅಂಟುಚಿತ್ರ, ಪಾತ್ರೆಯ ನಾರು, ರಸ್ತೆಯ ಆಚೆ ಬದಿ.

“ನಂಗೆ ದುಡ್ಡು ಗಿಡ್ಡು ಎಂತದೂ ಬೇಡ ಅಮ್ಮ. ಆ ಮುಖ ಒಂದು ಇಳಿಸಿಕೊಡಿ,” ಅಂದ.

ಮೌನಾಳ ಕಣ್ಣು ತುಂಬಿತು. ಅವಳು ಒಳ್ಳೆಯ ಹುಡುಗಿ, ಅವಳ ಬಗ್ಗೆ ಕೆಟ್ಟ ಮಾತು ಆಡಲಾರೆ. ಆ ಚಿತ್ರ ನೋಡಿದ ದಿನದಿಂದ ತನಗೂ ಅದು ಬೇಡವಾಗಿದೆ ಎಂದಳು. ಪರದೇಶದಲ್ಲೂ ಹೀಗೆಯೇ ಆಗಿದೆ, ಜನ ಗಲಾಟೆ ಮಾಡಿದರೆ ಪೊಟ್ಟಣದ ಮೇಲಿನ ಹೆಂಗಸಿನ ತಲೆಯ ವಸ್ತ್ರ ತೆಗೆದು ಕಿವಿಗೆ ಓಲೆ ಹಾಕುತ್ತಾರೆ, ಹೆಸರಿನಲ್ಲಿ ಒಂದಕ್ಷರ ಬದಲಿಸುತ್ತಾರೆ, ಮುಖವನ್ನು ಮಾತ್ರ ಬಿಡುವುದಿಲ್ಲ ಎಂದಳು. ತಾನು ಇಲ್ಲಿ ಚಿಕ್ಕವಳು, ಆದರೂ ಮೇಲಿನವರಿಗೆ ಖಂಡಿತ ಹೇಳುತ್ತೇನೆ ಎಂದಳು. ಆಗ ಇವನು ಎದ್ದು ನಿಂತು ಬಟ್ಟೆ ಸರಿಸಿ ತಟ್ಟೆ ನೀಡಿದ. ಅವಳಿಗೆ ಆ ಕಡೆಯ ಪದ್ಧತಿ ಏನು ಗೊತ್ತು? ದೊಡ್ಡವರು ತಾಂಬೂಲ ಕೊಟ್ಟು ಹರಸುತ್ತಿದ್ದಾರೆ ಎಂದುಕೊಂಡಳು. ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡಳು, ಬಗ್ಗಿ ಕಾಲು ಮುಟ್ಟಿದಳು.

ಇವನಿಗೆ ಮಾತು ಹಿಂತಿರುಗಿತು! ಬಸ್ಸಿನಲ್ಲಿ ಖಾಲಿ ಕೈಯಲ್ಲಿ ಕೂತು ಬರುವಾಗ ಎದೆಯ ಮೇಲಿನ ಕಲ್ಲು ಇಳಿದಂತೆ ಉಸಿರು ಬಿಟ್ಟ. ಅಡ್ಯಾರಿನಲ್ಲಿ ಇಳಿದು ಚಂದ್ರಮತಿಗೂ ಮಗಳಿಗೂ ಒಂದೊಂದು ಮೊಳ ಮಲ್ಲಿಗೆ ತಂದ. ಇನ್ನು ಆ ಚಿತ್ರ ಇರುವುದಿಲ್ಲ ಎಂದು ಪ್ರಣಮ್ಯಾಳಿಗೆ ಹೇಳಿದ. ಹದಿನಾಲ್ಕರ ಹುಡುಗಿ, “ಪಾಕ್ಕಲಾಂ” ಎಂದಳು, ನೋಡೋಣ ಎಂದು. ಆದರೆ ಹೂವು ಮುಡಿದಳು. ಮರುದಿನ ಟ್ಯೂಷನ್ನಿನಿಂದ ಬರುವಾಗ ಬೀದಿಯ ಮೂಲೆಯ ಅಂಗಡಿಯಿಂದ ಮನೆಯವರೆಗೆ ಅವನ ಬದಿಯಲ್ಲೇ ನಡೆದಳು. ಮಾತಾಡಲಿಲ್ಲ, ಪಕ್ಕದಲ್ಲಿ ನಡೆದಳು ಅಷ್ಟೆ. ಅದನ್ನು ಅವನು ಹೆಂಡತಿಗೆ ಎಷ್ಟು ಸಲ ಹೇಳಿದನೋ, ಅವಳು ಸಾಕು ಮಾರಾಯ್ರೆ ಅನ್ನುವವರೆಗೆ ಹೇಳಿದ.

ಮೌನ ಹೇಳಿದ್ದಳು, ಮೇಲಿನವರು ಕೇಳಿಯೂ ಇದ್ದರು. ಅವರ ಕಿವಿಗೆ ಹೇಗೆ ಕೇಳಿಸಿತೋ ಹಾಗೆ. ಮುಂದಿನ ವರ್ಷ ಹೊಸ ಪೊಟ್ಟಣ ಬಂತು. ‘ಅಣ್ಣ ಕಾಫಿ’ ಎಂದು ಹೆಸರು, ‘ಕರಿ’ ಇಲ್ಲ. ಟೊಪ್ಪಿ ಕೈಗವಸು ಹೋಗಿ ಕೋಟು ಬಂದಿತ್ತು. ಗೋಧಿ ಬಣ್ಣದ ಮುಖ, ನೀಳ ಮೂಗು, ಎಣ್ಣೆ ಹಚ್ಚಿ ಬಾಚಿದ ನೇರ ಕೂದಲು, ತೆಳ್ಳಗಿನ ತುಟಿ. ಆ ತೆಳ್ಳಗಿನ ತುಟಿಯ ನಡುವೆ ಅದೇ ಹಲ್ಲು, ಅದೇ ನಗು. ಮೌನ ಹೋಟೆಲಿಗೆ ಫೋನು ಮಾಡಿ, ತಾನು ಕೇಳಿದ್ದು ಇದಲ್ಲ ಸಾರ್, ಜನಕ್ಕೆ ನೋವಾಗುತ್ತದೆ ಎಂದದ್ದಕ್ಕೆ ಅವರು ಕಪ್ಪನ್ನು ತೆಗೆದರು ಎಂದಳು. ದನಿ ಸಣ್ಣಗಿತ್ತು. ವಿಷ್ಣುಮೂರ್ತಿ ಇರಲಿ ಬಿಡಿ ಅಮ್ಮ ಎಂದು ಅವಳನ್ನೇ ಸಮಾಧಾನ ಮಾಡಿದ. ಫೋನಿಟ್ಟ ಮೇಲೆ ಪೊಟ್ಟಣ ಹಿಡಿದು ಬಹಳ ಹೊತ್ತು ನೋಡಿದ. ಮುಖ ಇಳಿಸಿಕೊಡಿ ಎಂದು ಕೇಳಿದ್ದು ನಿಜ, ಆದರೆ ತನ್ನ ಬಣ್ಣವೇ ಅಳಿಸಬೇಕಾದ ಕೊಳೆ ಎಂದು ಅವನು ಎಲ್ಲಿ ಹೇಳಿದ್ದ? ತಾಯಿ ನೆನಪಾದಳು. ಯಾರ ಹತ್ತಿರ ಹೇಳಿಕೊಳ್ಳುವುದು?

ಆದರೂ ಬೀದಿಯಿಂದ ಕರಿಯಣ್ಣ ಇಳಿದನಲ್ಲ, ಅಷ್ಟಾದರೂ ಆಯಿತಲ್ಲ. ಅಂಗಡಿಗಳ ಮೇಲಿನ ಹಳೇ ತಗಡಿನ ಬೋರ್ಡುಗಳೆಲ್ಲ ಗುಜರಿಗೆ ಹೋದವು. ಭಾನುವಾರದ ವೇಷವೂ ನಿಂತಿತು, ಈಗಿನ ಚಿತ್ರಕ್ಕೂ ಇವನಿಗೂ ಸಂಬಂಧವಿಲ್ಲವಲ್ಲ, ಸುಕೇಶ ಇವನನ್ನು ಮತ್ತೆ ಒಳಗೆ ಫಿಲ್ಟರಿನ ಮುಂದೆ ಕಳಿಸಿದ. ಮಗಳು ಈಚೆ ಬದಿಯಲ್ಲೇ ನಡೆಯುತ್ತಿದ್ದಳು. ದಿನಕ್ಕೆ ಒಂದೆರಡು ಮಾತೂ ಆಡುತ್ತಿದ್ದಳು. ಜನ ಮರೆಯುತ್ತಾರೆ, ಮಕ್ಕಳು ದೊಡ್ಡವರಾಗುತ್ತಾರೆ ಎಂದು ಚಂದ್ರಮತಿ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಅವರು ಬಾಡಿಗೆಗೆ ಇದ್ದ ಮನೆಯ ಯಜಮಾನಿ ಉಷಾ ಮಾಮಿ. ಮಾಮಿಗೆ ಆ ವರ್ಷವೇ ಮೇಲೊಂದು ಮಹಡಿ ಕಟ್ಟಿಸುವ ಮನಸ್ಸಾಯಿತು. ಆಳು ಹತ್ತಿ ಕೆಲಸ ಮಾಡಲು ಬೊಂಬಿನ ಸಾರ ಎದ್ದಿತು, ಜಲ್ಲಿ ಮರಳು ಬಂತು. ಚೆನ್ನೈಯಲ್ಲಿ ಕಟ್ಟುವ ಮನೆಗೆ ದೃಷ್ಟಿಬೊಂಬೆ ಇಲ್ಲದೆ ಒಂದು ಇಟ್ಟಿಗೆ ಏರುವುದಿಲ್ಲ ಎಂಬುದು ಗೊತ್ತೇ ಇದೆ. ದಾರಿಯಲ್ಲಿ ಹೋಗುವವರ ಕೆಟ್ಟ ಕಣ್ಣು ಮನೆಯ ಮೇಲೆ ಬೀಳದೆ ಆ ವಿಕಾರದ ಮುಖದ ಮೇಲೆ ಬೀಳಲಿ ಎಂದು ಕಟ್ಟುವುದು. ಕೆಲವರು ಕುಂಬಳಕಾಯಿಗೆ ಮೀಸೆ ಬರೆಯುತ್ತಾರೆ, ಕೆಲವರು ರಕ್ಕಸನ ತಲೆ ತರುತ್ತಾರೆ. ಈ ಮೇಸ್ತ್ರಿ ಗುಜರಿಯಲ್ಲಿ ಒಳ್ಳೆಯ ತಗಡು ಸಿಕ್ಕಿತೆಂದು ತಂದಿದ್ದ.

ಸಂಜೆ ವಿಷ್ಣುಮೂರ್ತಿ, ಪ್ರಣಮ್ಯಾ ಇಬ್ಬರೂ ಮೂಲೆಯಿಂದ ಜೊತೆಗೆ ಬಂದರು. ಚಂದ್ರಮತಿ ಆಗಲೇ ಬೀದಿಯಲ್ಲಿ ನಿಂತಿದ್ದಳು, ತಲೆ ಎತ್ತಿಕೊಂಡು. ಇವರೂ ಎತ್ತಿ ನೋಡಿದರು. ತಮ್ಮದೇ ಬಾಗಿಲಿನ ನೆತ್ತಿಯ ಮೇಲೆ, ಸಾರಕ್ಕೆ ಹಗ್ಗ ಬಿಗಿದು, ಆಳೆತ್ತರದ ಕರಿಯಣ್ಣ. ಟೊಪ್ಪಿಯ ಮೇಲೆ ಸುಣ್ಣದಲ್ಲಿ ಎರಡು ಕೋಡು ಬರೆದಿದ್ದರು. ಕುತ್ತಿಗೆಗೆ ಹಳೇ ಚಪ್ಪಲಿ ಕಟ್ಟಿತ್ತು.

ಪ್ರಣಮ್ಯಾ ಚೀಲ ಅಲ್ಲೇ ಬಿಸಾಡಿ ಮೇಸ್ತ್ರಿಯ ಮುಂದೆ ಹೋಗಿ ನಿಂತು, ಅದನ್ನು ಈಗಲೇ ಇಳಿಸಿ ಎಂದಳು. ಯಾಕಮ್ಮಾ ಎಂದ ಅವನು. ಕೂಲಿಯವರು, ಬೀದಿಯವರು, ಉಷಾ ಮಾಮಿ, ಎಲ್ಲರೂ ಕೇಳುತ್ತಿರುವಾಗ ಅವಳು ಜೋರಾಗಿ, “ಅದು ಎಂಗಪ್ಪಾ” ಎಂದಳು. ನನ್ನ ಅಪ್ಪ ಎಂದು. ಏಳೆಂಟು ವರ್ಷದಲ್ಲಿ ಮೊದಲ ಸಲ.

ಮೇಸ್ತ್ರಿ ತಗಡು ನೋಡಿದ, ವಿಷ್ಣುಮೂರ್ತಿಯನ್ನು ನೋಡಿದ, ಕೈಮುಗಿದುಬಿಟ್ಟ. ಗೊತ್ತಿರಲಿಲ್ಲ ಸಾರ್ ಎಂದು ಎರಡೆರಡು ಸಲ ಅಂದ. ಆದರೆ ಪೂಜೆ ಮಾಡಿ ಕಟ್ಟಿ ಆಗಿದೆ, ಮನೆ ಮುಗಿಯುವ ಮುಂಚೆ ಬೊಂಬೆ ಇಳಿಸಿದರೆ ಮೇಲೆ ಹತ್ತಿದ ಆಳಿನ ಜೀವಕ್ಕೆ ಯಾರು ಹೊಣೆ ಎಂದ. ಸಾರದ ಮೇಲಿದ್ದ ಕೂಲಿಯವರು ಕೆಳಗೆ ನೋಡುತ್ತಿದ್ದರು. ಉಷಾ ಮಾಮಿ, ಅದು ಬರೀ ಬೊಂಬೆ ತಾನೇ, ಕೆಲವು ತಿಂಗಳು ಅನುಸರಿಸಿಕೊಳ್ಳಿ, ಮೂರ್ತಿಯಂಥವರು ಬೇಸರ ಮಾಡಿಕೊಳ್ಳುವುದಿಲ್ಲ ಎಂದಳು. ಎಲ್ಲರೂ ವಿಷ್ಣುಮೂರ್ತಿಯ ಕಡೆ ತಿರುಗಿದರು. ಅವನಿಗೂ ಅದೇ ನಂಬಿಕೆ, ಅದೇ ಭಯ. ಕಟ್ಟಿದ ಬೊಂಬೆ, ಹಿಡಿದ ವೀಳ್ಯ, ನಡುವಿನಲ್ಲಿ ಬಿಡುವ ಹಾಗಿಲ್ಲ. ಯಾರದೋ ಮಗ ಮೇಲಿನಿಂದ ಬಿದ್ದರೆ?

“ಇರ್ಲಿ ಬಿಡು ಮಗಾ,” ಅಂದ.

ಪ್ರಣಮ್ಯಾ ಸಿಟ್ಟಿನಿಂದ ತಿರುಗಿದಳು. ಏನೋ ಹೇಳಲು ಬಾಯಿ ತೆರೆದವಳು ಅಪ್ಪನ ಮುಖ ನೋಡಿ ಹಾಗೇ ನಿಂತಳು. ಒಮ್ಮೆ ಮೇಲಿನ ತಗಡನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಅವಳ ಸಿಟ್ಟೆಲ್ಲ ಇಳಿಯಿತು. ಎಷ್ಟೋ ವರ್ಷದ ಮೇಲೆ ಕನ್ನಡದಲ್ಲಿ ಅಂದಳು:

“ಅಪ್ಪಯ್ಯ, ನಗಬೇಡಿ.”

“ನಾನೆಲ್ಲಿ ನಗ್ತಾ ಇದ್ದೇನೆ ಮಗಾ?”

ಅವನು ಸುಳ್ಳು ಹೇಳಲಿಲ್ಲ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದು ಅವನಿಗೆ ಗೊತ್ತಾಗುತ್ತಿತ್ತು. ಯಾಕೆ ಎಲ್ಲರೂ ತನ್ನನ್ನು ಹಾಗೆ ನೋಡುತ್ತಿದ್ದಾರೆ ಎಂಬುದು ಮಾತ್ರ ತಿಳಿಯಲಿಲ್ಲ. ಚಂದ್ರಮತಿಯ ಕಡೆ ನೋಡಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ತಿರುಗಿದಳು.

ಪ್ರಣಮ್ಯಾ ಹತ್ತಿರ ಬಂದಳು. ಬೀದಿಯಲ್ಲಿ, ಅಷ್ಟು ಜನರ ಎದುರಿಗೆ, ಎರಡು ಬೆರಳು ಅವನ ತುಟಿಯ ಮೇಲಿಟ್ಟು ಮೆಲ್ಲನೆ ಒಟ್ಟಿಗೆ ಸೇರಿಸಿ ಹಿಡಿದುಕೊಂಡಳು. ಬೆರಳು ತೆಗೆದರೆ ತುಟಿ ಮತ್ತೆ ಬಿಚ್ಚಿಕೊಂಡು ಹಲ್ಲು ಕಂಡಿತು. ಅವಳು ಮತ್ತೆ ಮುಚ್ಚಿದಳು.